ಲಿಯೊನ್‌ಹಾರ್ಡ್ ಚರ್ಚಿನಲ್ಲಿ ಚಳಿಗಾಲದ ಊಟ ಬಡಿಸುವ ಬಗೆ

ಜರ್ಮನಿಯ ಸ್ಟಟ್‌ಗಾರ್ಟಿನ ಲಿಯೊನ್‌ಹಾರ್ಡ್ ಚರ್ಚ್ ಹದಿನೈದನೇ ಶತಮಾನದ ಗೋಥಿಕ್ ಕಟ್ಟಡ. 1944ರ ಬಾಂಬ್ ದಾಳಿಗೆ ಉರುಳಿ, ಯುದ್ಧ ಮುಗಿದ ಮೇಲೆ ಮತ್ತೆ ಎದ್ದದ್ದು. 1995ರಲ್ಲಿ ಪಾದ್ರಿ ಮಾರ್ಟಿನ್ ಫ್ರಿಟ್ಸ್ ಇಲ್ಲಿ ‘ಫೆಸ್ಪರ್‌ಕಿರ್ಖೆ’, ಅಂದರೆ ಲಘು ಊಟದ ಚರ್ಚ್, ಶುರುಮಾಡಿದರು. ಅಂದಿನಿಂದ ಚಳಿಗಾಲದ ಕೆಲವು ವಾರ ಈ ಲೂಥೆರನ್ ಚರ್ಚೇ ಊಟದ ಮನೆ. ಸೂರಿಲ್ಲದವರು, ಪಿಂಚಣಿ ಸಾಲದ ವೃದ್ಧರು, ಪಕ್ಕದ ಬೀದಿಗಳ ಲೈಂಗಿಕ ವೃತ್ತಿಯ ಹೆಂಗಸರು ಎಲ್ಲರೂ ಬರುತ್ತಾರೆ. ಬಡತನಕ್ಕೆ ದಾಖಲೆ ಕೇಳುವುದಿಲ್ಲ. ಊಟಕ್ಕೆ ಚಿಕ್ಕದೊಂದು ಬೆಲೆಯಿದೆ. ಕೊಟ್ಟು ಉಂಡವರಿಗೆ ಹಂಗಿನ ಭಾರವಿರುವುದಿಲ್ಲ. ಚಿಲ್ಲರೆ ಇಲ್ಲದವರ ಕೈಗೆ ಸದ್ದಿಲ್ಲದೆ ಟೋಕನ್ ಇಡಬೇಕು.

ಕಲ್ಲಿನ ಕಟ್ಟಡದಲ್ಲಿ ಊಟ ಬಲು ಬೇಗ ಆರುತ್ತದೆ. ಬಿಸಿ ಆರದಂತೆ ಊಟ ತುಂಬಿ ತರುವ ಥರ್ಮೋ ಪೆಟ್ಟಿಗೆ ಬಂದ ಕೂಡಲೇ ಊಟದ ನಡುಭಾಗಕ್ಕೆ ಥರ್ಮಾಮೀಟರ್ ಚುಚ್ಚಿ ನೋಡುತ್ತೇವೆ. 65 ಡಿಗ್ರಿಗಿಂತ ಕೆಳಗಿದ್ದರೆ ಬಡಿಸುವಂತಿಲ್ಲ, ಮತ್ತೆ 70 ದಾಟಿಸಿ ಕಾಯಿಸಬೇಕು. ಒಂದು ಪೆಟ್ಟಿಗೆ ಖಾಲಿಯಾಗುವ ಮುಂಚೆ ಇನ್ನೊಂದರ ಮುಚ್ಚಳ ತೆರೆಯಬಾರದು. ತಟ್ಟೆಗಳನ್ನೂ ಬಿಸಿ ಮಾಡಿಕೊಳ್ಳಿ; ಎಷ್ಟೋ ಕಡೆ ಊಟ ತಣ್ಣಗಾಗುವುದು ತಣ್ಣನೆ ತಟ್ಟೆಯಿಂದಲೇ.

ಇಲ್ಲಿಯವರ ಅಚ್ಚುಮೆಚ್ಚಿನ ಊಟ ಲಿನ್ಸೆನ್ ಮತ್ತು ಸ್ಪೆಟ್ಸ್ಲೆ. ಲಿನ್ಸೆನ್ ಎಂದರೆ ಇಡಿ ಚನ್ನಂಗಿಯಂಥ ಕಂದು ಕಾಳು, ನೂರು ಜನಕ್ಕೆ ಒಣಕಾಳು 8 ಕಿಲೋ ಬೇಕು. ವಿನೆಗರ್ ಕೊನೆಗೆ ಹಾಕಿ. ಮೊದಲೇ ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ. ಮೊಟ್ಟೆ ಬೆರೆಸಿದ ಹಿಟ್ಟನ್ನು ಕುದಿನೀರಿಗೆ ಒತ್ತಿ ಮಾಡುವ ಸ್ಪೆಟ್ಸ್ಲೆ ಆಳವಾದ ಪಾತ್ರೆಯಲ್ಲಿ ಮುದ್ದೆಗಟ್ಟುತ್ತದೆ. ಬೆಣ್ಣೆ ಸವರಿ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಜೊತೆಗೆ ಕೊಡುವ ಸಾಸೇಜನ್ನು ಬೇರೆ ಪಾತ್ರೆಯಲ್ಲಿ, ಬೇರೆ ಇಕ್ಕಳದಿಂದಲೇ ಬಡಿಸುತ್ತೇವೆ. ಹಂದಿಮಾಂಸ ಒಲ್ಲದವರೂ, ಮಾಂಸವನ್ನೇ ತಿನ್ನದವರೂ ಅದೇ ಮೇಜಿನಲ್ಲಿ ನಿಶ್ಚಿಂತೆಯಿಂದ ಉಣ್ಣಬೇಕು.

ಸೂಪಾದರೆ ತಲೆಗೆ 300 ಮಿಲಿಲೀಟರ್, ನೂರಕ್ಕೆ 30 ಲೀಟರ್. ಮೇಲೆ 3 ಲೀಟರ್ ಎತ್ತಿಡಿ. ಕೊನೆಗೆ ಬಂದವರಿಗೆ ಸೂಪು ಸಾಲದೆ ಹೋಗಬಾರದು. ಪ್ರತಿ ಬಾರಿಯೂ ಸೌಟನ್ನು ತಳಮುಟ್ಟಿ ತಿರುಗಿಸದಿದ್ದರೆ ಮೊದಲಿನವರಿಗೆ ತಿಳಿ, ಕೊನೆಯವರಿಗೆ ಗಸಿ.

ಬಾಗಿಲನ್ನು ಊಟದ ಹೊತ್ತಿಗಿಂತ ಬಹಳ ಮುಂಚೆಯೇ ತೆರೆದು ಚಹಾ ಕೊಡುವುದು ಒಳ್ಳೆಯದು. ಹಿಮದಲ್ಲಿ ಸಾಲು ನಿಂತವರ ನಡುವೆ ತಳ್ಳಾಟ ಹುಟ್ಟುವುದು ಸಿಟ್ಟಿನಿಂದಲ್ಲ, ಚಳಿಯಿಂದ.

ಸಂಜೆಗೆಂದು ಕೊಡುವ ಪೊಟ್ಟಣಕ್ಕೆ ಮೆತ್ತನೆಯ ಬ್ರೆಡ್ಡು, ಚೀಸ್, ಬಾಳೆಹಣ್ಣು ಹಾಕಿ. ಹಲ್ಲು ಹಾಳಾದವರು ಬಹಳ ಮಂದಿ. ಸೇಬು ಹಾಗೇ ಉಳಿಯುತ್ತದೆ. ನಾಯಿಯನ್ನು ಹೊರಗೆ ಕಟ್ಟಿ ಬನ್ನಿ ಎಂದರೆ ಅದರ ಒಡೆಯರೂ ಹೊರಗೇ ಉಳಿಯುತ್ತಾರೆ. ಆದ್ದರಿಂದ ಗೋಡೆ ಬದಿಯ ಮೇಜುಗಳು ನಾಯಿ ತಂದವರಿಗೆ. ನೀರಿನ ಬಟ್ಟಲನ್ನು ಬಡಿಸುವವರ ಕಾಲಿಗೆ ಸಿಗದಂತೆ ಮೇಜಿನಡಿ ಇಡುತ್ತೇವೆ.