34ನೆಯ ವಚನದಲ್ಲಿ ನಿಲ್ಲಿಸುತ್ತಿದ್ದೆ

ನಮ್ಮ ಸಭೆಯಲ್ಲಿ ಹೊಸ ವರ್ಷದ ಮೊದಲ ಭಾನುವಾರ ದೇವರೊಂದಿಗಿನ ಒಪ್ಪಂದವನ್ನು ಮತ್ತೆ ದೃಢಪಡಿಸುವ ಒಡಂಬಡಿಕೆಯ ಆರಾಧನೆ ನಡೆಯುತ್ತದೆ. 1755ರಲ್ಲಿ ಲಂಡನ್ನಿನಲ್ಲಿ ಜಾನ್ ವೆಸ್ಲಿ ಆರಂಭಿಸಿದ ಈ ಪದ್ಧತಿ ಮೆಥೊಡಿಸ್ಟ್ ಪರಂಪರೆಯ ಸಭೆಗಳಲ್ಲಿ ಇಂದಿಗೂ ಉಳಿದಿದೆ. ಆ ದಿನದ ಪ್ರಸಂಗ ಹಲವು ವರ್ಷ ನನ್ನ ಪಾಲಿಗೆ ಬರುತ್ತಿತ್ತು. ಹೊಸ ಒಡಂಬಡಿಕೆಯ ವಾಗ್ದಾನವಿರುವ ಯೆರೆಮೀಯ 31:31ರಿಂದ 34ರವರೆಗೆ ಓದಿ, ಅದನ್ನೇ ಉದ್ಧರಿಸುವ ಇಬ್ರಿಯರ ಪತ್ರಿಕೆಯ 8ನೆಯ ಅಧ್ಯಾಯಕ್ಕೆ ಹೋಗಿ, ಹಳೆಯದು ಮುಗಿಯಿತು, ಹೊಸದು ಬಂದಿತು ಎಂದು ಮುಗಿಸುತ್ತಿದ್ದೆ. ಒಂದು ವರ್ಷ ಆರಾಧನೆಯ ನಂತರ ಹಿರಿಯ ತಾಯಿಯೊಬ್ಬರು ಬಾಗಿಲ ಬಳಿ ನನ್ನ ಕೈ ಹಿಡಿದು, "ಮಗ, ಹಳೇದನ್ನ ದೇವರೇ ಕೈಬಿಟ್ಟ ಅಂದ್ಮೇಲೆ, ಹೊಸದನ್ನ ಬಿಡೋದಿಲ್ಲ ಅಂತ ನಾನು ಹೇಗೆ ನಂಬಲಿ?" ಎಂದು ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಆ ವಾರವೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದು, ಒಡಂಬಡಿಕೆ ಮತ್ತೆ ದೃಢವಾದ ಪ್ರತಿಯೊಂದು ಸಂದರ್ಭದಲ್ಲಿ ಯಾರು ನಿಂತಿದ್ದರು, ಏನು ಓದಲಾಯಿತು, ಜನರು ಏನೆಂದರು ಎಂದು ಬರೆಯತೊಡಗಿದೆ. ಜನರು ಬಂಗಾರದ ಬಸವನನ್ನು ಪೂಜಿಸಿದ ಪಾಪದಿಂದ ಒಡೆದ ಆಜ್ಞೆಗಳ ಕಲ್ಲಿನ ಹಲಗೆಗಳ ಬದಲಿಗೆ ಹೊಸವನ್ನು ಕೆತ್ತಲು ದೇವರು ಮೋಶೆಗೆ ಹೇಳುವ ವಿಮೋಚನಕಾಂಡ 34 ಮೊದಲ ಸಾಲಿನಲ್ಲಿ ಬಂದಿತು. ಅಂದರೆ ಒಡಂಬಡಿಕೆಯ ಮಸಿ ಆರುವ ಮೊದಲೇ ಅದನ್ನು ನವೀಕರಿಸಬೇಕಾಯಿತು, ಮತ್ತು ನವೀಕರಿಸಿದವನು ದೇವರೇ. ಶೆಕೆಮಿನಲ್ಲಿ ಯೆಹೋಶುವನೂ ಯೆರೂಸಲೇಮಿನಲ್ಲಿ ಅರಸನಾದ ಯೋಷೀಯನೂ ಜನರೊಂದಿಗೆ ಒಡಂಬಡಿಕೆಯನ್ನು ಮತ್ತೆ ದೃಢಪಡಿಸಿದರು. ನೆಹೆಮೀಯ 8ರಲ್ಲಿ ಎಜ್ರನು ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಅರ್ಥ ಬಿಡಿಸಿ ಹೇಳುತ್ತಾರೆ. ಕೇಳಿದ ಜನರು ಅಳುತ್ತಾರೆ.

ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿದ್ದು ಧರ್ಮೋಪದೇಶಕಾಂಡ 5:3. ದೇವರು ಈ ಒಡಂಬಡಿಕೆಯನ್ನು ನಮ್ಮ ಪಿತೃಗಳ ಸಂಗಡವಲ್ಲ, ಈಗ ಇಲ್ಲಿ ಜೀವದಿಂದಿರುವ ನಮ್ಮ ಸಂಗಡಲೇ ಮಾಡಿದನೆಂದು ಮೋಶೆ ಹೇಳುತ್ತಾನೆ. ಆದರೆ ಆ ಒಡಂಬಡಿಕೆ ನಡೆದ ಹೋರೇಬಿನಲ್ಲಿ, ಅಂದರೆ ಸೀನಾಯಿ ಬೆಟ್ಟದಲ್ಲಿ, ಇದ್ದ ಯುದ್ಧವೀರರ ತಲೆಮಾರು ಆಗಲೇ ತೀರಿಹೋಗಿತ್ತು ಎಂದು ಅದೇ ಗ್ರಂಥದ 2ನೆಯ ಅಧ್ಯಾಯ ತಿಳಿಸುತ್ತದೆ. ಇಲ್ಲಿ ಮೋಶೆ ಲೆಕ್ಕ ತಪ್ಪಿದ್ದಾನೆಂದು ನಾನು ಭಾವಿಸಲಿಲ್ಲ. ಪ್ರತಿಯೊಂದು ತಲೆಮಾರೂ ಬೆಟ್ಟದ ಬುಡದಲ್ಲಿ ತಾನೇ ನಿಂತಂತೆ ಉತ್ತರ ಕೊಡಬೇಕೆಂಬುದೇ ನವೀಕರಣದ ತಿರುಳು.

ಈ ಕಣ್ಣಿನಿಂದ ಯೇಸು ಶಿಷ್ಯರೊಂದಿಗೆ ಮಾಡಿದ ಕಡೆಯ ರಾತ್ರಿ ಭೋಜನದ ವಚನಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದೆ. ಮತ್ತಾಯ ಮತ್ತು ಮಾರ್ಕರಲ್ಲಿ ಯೇಸು "ಒಡಂಬಡಿಕೆಯ ರಕ್ತ" ಎನ್ನುವಾಗ ವಿಮೋಚನಕಾಂಡ 24:8 ಕೇಳಿಸುತ್ತದೆ. ಅಲ್ಲಿ ಮೋಶೆ ಅರ್ಧ ರಕ್ತವನ್ನು ಯಜ್ಞವೇದಿಗೂ ಉಳಿದರ್ಧವನ್ನು ಜನರ ಮೇಲೂ ಚಿಮುಕಿಸುತ್ತಾನೆ; ಆಮೇಲೆ ಹಿರಿಯರು ಬೆಟ್ಟವೇರಿ ದೇವರನ್ನು ಕಂಡು, ಉಂಡು ಕುಡಿಯುತ್ತಾರೆ. ಈ ಊಟವನ್ನು ನಾನು ಎಷ್ಟೋ ಸಲ ಓದಿಯೂ ಗಮನಿಸಿರಲಿಲ್ಲ. ಲೂಕ ಮತ್ತು ಪೌಲರಲ್ಲಿ "ಹೊಸ ಒಡಂಬಡಿಕೆ" ಎಂದಿರುವುದರಿಂದ ಯೆರೆಮೀಯನ ದನಿ ಸೇರುತ್ತದೆ. ಸೀನಾಯಿಯೂ ಯೆರೆಮೀಯನೂ ಒಂದೇ ಪಾತ್ರೆಯ ಬಳಿ ಕೂಡುತ್ತಾರೆ.

ಹೀಗೆಂದು ಎಲ್ಲವೂ ಒಂದೇ ಎಂದು ತೇಲಿಸಿಬಿಡುವಂತಿಲ್ಲ. ತಾನು ಪಿತೃಗಳೊಂದಿಗೆ ಮಾಡಿದ ಒಡಂಬಡಿಕೆಯಂತೆ ಇದು ಇರುವುದಿಲ್ಲವೆಂದು ದೇವರು ಯೆರೆಮೀಯ 31:32ರಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ, ಮತ್ತು ಇಬ್ರಿಯ 8:13 ಮೊದಲನೆಯದು ಹಳತಾಯಿತೆನ್ನುತ್ತದೆ. ಆ ಮಾತಿನ ಭಾರವನ್ನು ನಾನು ಇಳಿಸುವುದಿಲ್ಲ. ಆದರೂ ಯೆರೆಮೀಯ 31:33ರಲ್ಲಿ ಹೃದಯದ ಮೇಲೆ ಬರೆಯಲಾಗುವುದು ಬೇರೆಯದೊಂದು ಶಾಸ್ತ್ರವಲ್ಲ, ದೇವರು "ನನ್ನ ಧರ್ಮಶಾಸ್ತ್ರ" ಎಂದು ಕರೆಯುವುದೇ; ಬದಲಾದದ್ದು ಬರೆಯುವ ಹಲಗೆ. ಇದಲ್ಲದೆ ಇಸ್ರಾಯೇಲ್ ಮನೆತನಕ್ಕೂ ಯೆಹೂದ ಮನೆತನಕ್ಕೂ ಕೊಟ್ಟ ಮಾತು ಇದು. ಯೆಹೂದ್ಯರು ಇದನ್ನು ಇಂದಿಗೂ ತಮಗಾದ ವಾಗ್ದಾನವಾಗಿ ಓದುತ್ತಾರೆಂಬುದನ್ನು ಸಭೆಗೆ ಹೇಳದೆ ಮುಂದೆ ಹೋಗಬಾರದೆಂದು ನಿಶ್ಚಯಿಸಿದೆ. ನಮ್ಮ ಸತ್ಯವೇದದ ಎರಡು ಭಾಗಗಳನ್ನೂ ನಾವು ಹಳೆಯ ಮತ್ತು ಹೊಸ ಒಡಂಬಡಿಕೆ ಎಂದೇ ಕರೆಯುವುದರಿಂದ, ಒಂದು ಪುಸ್ತಕ ಮುಚ್ಚಿ ಇನ್ನೊಂದನ್ನು ತೆರೆದಂತೆ ನಮಗೆ ಅನ್ನಿಸುವುದು ಸುಲಭ.

ಆ ತಾಯಿಯ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರೇ ಇತ್ತು. 34ನೆಯ ವಚನದ ಬೆನ್ನಿಗೇ ದೇವರು ಹಗಲಿಗೆ ಸೂರ್ಯನನ್ನೂ ಇರುಳಿಗೆ ಚಂದ್ರ ನಕ್ಷತ್ರಗಳನ್ನೂ ನೇಮಿಸಿದವನೆಂದು ಹೇಳಿ, ಆ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲಿನ ಸಂತತಿ ಜನಾಂಗವಾಗಿ ಉಳಿಯದೆಂದು ಆಡಿಬಿಡುತ್ತಾನೆ. ಮುಂದಿನ ವರ್ಷ ಆರಾಧನೆಯಲ್ಲಿ ನಾನು ಧರ್ಮೋಪದೇಶಕಾಂಡದಿಂದ ಆರಂಭಿಸಿ, ಯೆರೆಮೀಯನನ್ನು 37ನೆಯ ವಚನದವರೆಗೂ ಓದಿದೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಆ ತಾಯಿ ತಮ್ಮ ಸತ್ಯವೇದದಲ್ಲಿ ಬೆರಳಿಟ್ಟು ಕೊನೆಯ ವಚನದವರೆಗೂ ನನ್ನೊಂದಿಗೆ ಓದಿಕೊಂಡರು.