ಬೆನ್ನುಹುರಿಗೆ ಪೆಟ್ಟಾದವರ ಲೆಕ್ಕ: ತುಮಕೂರಿನ ಆಸ್ಪತ್ರೆಗಳಲ್ಲಿ ದಾಖಲೆ ಕಲೆಹಾಕುವ ಬಗೆ

ಬೆನ್ನುಹುರಿಗೆ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾದವರ ಅಧ್ಯಯನಕ್ಕೆ ಹೊರಟವರು, ನೈತಿಕ ಸಮಿತಿಯ ಒಪ್ಪಿಗೆ ಪಡೆದ ಮೇಲೆ, ಯಾರನ್ನು ಎಣಿಸಬೇಕೆಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಬೆನ್ನುಮೂಳೆ ಮುರಿದವರೆಲ್ಲರಿಗೂ ಹುರಿ ಘಾಸಿಯಾಗಿರುವುದಿಲ್ಲ. ಎಕ್ಸ್‌-ರೇಯಲ್ಲಿ ಮುರಿತವೇ ಕಾಣದಿದ್ದರೂ ಹುರಿ ಜಖಂಗೊಂಡ ಮಕ್ಕಳು, ವಯಸ್ಸಾದವರು ಇರುತ್ತಾರೆ. ಆದ್ದರಿಂದ ಮುರಿತದ ಪಟ್ಟಿಯನ್ನು ನೆಚ್ಚದೆ, ಐಸಿಡಿ-10ರ (ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ) ಎಸ್‌14 (ಕುತ್ತಿಗೆ), ಎಸ್‌24 (ಎದೆ), ಎಸ್‌34 (ಸೊಂಟ) ಸಂಕೇತಗಳ ಕೇಸ್ ಶೀಟ್‌ಗಳನ್ನು ತೆಗೆಸಿ, ಅವುಗಳನ್ನು ಓದಿ, ಹುರಿಗಲ್ಲದೆ ನರಕ್ಕೆ ಮಾತ್ರ ಪೆಟ್ಟಾದವರನ್ನು ಬೇರ್ಪಡಿಸಬೇಕು; ಈ ಸಂಕೇತಗಳು ನರದ ಪೆಟ್ಟನ್ನೂ ಒಳಗೊಳ್ಳುತ್ತವೆ.

ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಕಾರಣದ ಕಾಲಂಗೆ. 'ಬಿದ್ದು ಪೆಟ್ಟು' ಎಂದಷ್ಟೇ ಬರೆದರೆ ತಡೆಗಟ್ಟುವ ದಾರಿಯೇ ಮುಚ್ಚಿಹೋಗುತ್ತದೆ. ತಿಪಟೂರು, ತುರುವೇಕೆರೆ ಕಡೆಯಿಂದ ಬಂದವರು ತೆಂಗಿನ ಮರದಿಂದ ಬಿದ್ದರೋ (ಐಸಿಡಿ-10ರಲ್ಲೇ ಕಾರಣದ ಸಂಕೇತ ಡಬ್ಲ್ಯು14), ಸಾರುವೆಯಿಂದ ಬಿದ್ದರೋ (ಡಬ್ಲ್ಯು12), ಬಾವಿಗೆ ಬಿದ್ದರೋ (ಡಬ್ಲ್ಯು17) ಎಂಬುದನ್ನು ಬೇರೆಬೇರೆಯಾಗಿಯೇ ಗುರುತಿಸಬೇಕು. ಮರದ ಎತ್ತರ ಎಷ್ಟು, ಮಳೆಗೆ ಕಾಂಡ ಜಾರುತ್ತಿತ್ತೇ, ಸೊಂಟಕ್ಕೆ ಹಗ್ಗವಿತ್ತೇ, ಬಿದ್ದವರನ್ನು ಹಲಗೆಯ ಮೇಲೆ ಮಲಗಿಸಿ ತಂದರೇ ಅಥವಾ ಆಟೋದಲ್ಲಿ ಕೂರಿಸಿಕೊಂಡು ಬಂದರೇ ಎಂದು ಜೊತೆಯಲ್ಲಿ ಬಂದವರನ್ನು ಅಂದೇ ಕೇಳಬೇಕು. ವಾರ ಕಳೆದರೆ ಆ ವಿವರ ಹೇಳುವವರು ಊರಿಗೆ ಮರಳಿರುತ್ತಾರೆ. ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳಲ್ಲಿ ಸವಾರರೋ ಹಿಂಬದಿ ಕುಳಿತವರೋ ಎಂಬುದನ್ನು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಬರೆದಿಡುವ ಮೆಡಿಕೋ-ಲೀಗಲ್ ರಿಜಿಸ್ಟರ್‌ನೊಡನೆ ತಾಳೆ ನೋಡಬೇಕು.

ಘಾಸಿಯ ತೀವ್ರತೆಯನ್ನು 'ಏ'ಯಿಂದ 'ಇ'ವರೆಗಿನ ಏಷ್ಯಾ (ಅಮೆರಿಕನ್ ಸ್ಪೈನಲ್ ಇಂಜುರಿ ಅಸೋಸಿಯೇಷನ್) ಶ್ರೇಣಿಯಲ್ಲಿ ('ಏ' ಎಂದರೆ ಪೂರ್ಣ ಘಾಸಿ, 'ಇ' ಎಂದರೆ ಸಹಜ ಸ್ಥಿತಿ), ದಾಖಲಾದಾಗ, 72 ಗಂಟೆಗಳ ಸುಮಾರಿಗೆ ಮತ್ತು ಬಿಡುಗಡೆಯ ದಿನ ಬರೆಯಬೇಕು. ಗುದದ್ವಾರದ ಸುತ್ತಲಿನ ಸ್ಪರ್ಶಜ್ಞಾನವನ್ನೂ ಸ್ನಾಯುವಿನ ಹಿಡಿತವನ್ನೂ ಪರೀಕ್ಷಿಸದೆ 'ಏ' ಎಂದು ಬರೆಯುವುದು ತಪ್ಪು.

ಬೆಂಗಳೂರಿಗೆ ರೆಫರ್ ಆದವರು ಎರಡು ಕಡೆ ಎಣಿಕೆಗೆ ಬರದಂತೆ, ಹೆಸರನ್ನು ಮರೆಮಾಡಿದ ಪಟ್ಟಿಯಲ್ಲಿ ವಯಸ್ಸು, ತಾಲ್ಲೂಕು, ಅಪಘಾತದ ದಿನಾಂಕ ಹೋಲಿಸಬೇಕು. ಸ್ಥಳದಲ್ಲೇ ಅಸುನೀಗಿದವರು, ನೇರವಾಗಿ ಬೆಂಗಳೂರಿಗೆ ಹೋದವರು ಈ ಲೆಕ್ಕದಲ್ಲಿ ಇರುವುದೇ ಇಲ್ಲ. ಹೀಗಿರುವಾಗ ಒಂದು ಆಸ್ಪತ್ರೆಯ ಸಂಖ್ಯೆಯನ್ನು 2011ರ ಜನಗಣತಿಯಲ್ಲಿನ ಜಿಲ್ಲೆಯ ಜನಸಂಖ್ಯೆಯಾದ ಸುಮಾರು 26.8 ಲಕ್ಷದಿಂದ ಭಾಗಿಸಿ 'ಜಿಲ್ಲೆಯ ಪ್ರಮಾಣ' ಎನ್ನುವುದು ಸಲ್ಲದು. ಕಾರಣ, ವಯಸ್ಸು, ಲಿಂಗ, ಘಾಸಿಯ ಮಟ್ಟಗಳ ಹಂಚಿಕೆಯನ್ನಷ್ಟೇ ಹೇಳಬೇಕು.

ಒತ್ತುಹುಣ್ಣು ಅಥವಾ ಮೂತ್ರದ ಸೋಂಕಿನಿಂದ ಅದೇ ರೋಗಿ ತಿಂಗಳುಗಳ ನಂತರ ಮರಳಿ ದಾಖಲಾದರೆ, ಹೊಸ ಪ್ರಕರಣವೆಂದು ಎಣಿಸದೆ, ಹಳೆಯ ಕ್ರಮಸಂಖ್ಯೆಯ ಮುಂದೆಯೇ ಮರುದಾಖಲಾತಿಯ ದಿನಾಂಕವನ್ನೂ ಕಾರಣವನ್ನೂ ಸೇರಿಸಬೇಕು.