ಎರೆ (ಕಪ್ಪು) ಮಣ್ಣಿನ ಅಂಗಳದಲ್ಲಿ ಕಕ್ಕೆ ಮರ ಬೆಳೆಸುವುದು ಹೀಗೆ

ಏಪ್ರಿಲ್-ಮೇ ಬಿಸಿಲಿಗೆ ಉಳಿದ ಗಿಡಗಳೆಲ್ಲ ಬಾಡುತ್ತಿರುವಾಗ ಹಳದಿ ಗೊಂಚಲು ಇಳಿಬಿಡುವ ಮರ ಕಕ್ಕೆ. ನಮ್ಮ ಧಾರವಾಡ-ಗದಗ ಭಾಗದ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಹೂಮರ ನನಗೆ ಕಾಣುವುದಿಲ್ಲ. ಬಿಸಿಲು ತಡೆಯುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ತಡೆಯುವುದಿಲ್ಲ.

ಮೊದಲು ಜಾಗ ನೋಡಿ. ದಿನವಿಡೀ ಬಿಸಿಲು ಬೀಳಬೇಕು, ಗೋಡೆಯಿಂದ 10-12 ಅಡಿ ದೂರ ಇರಬೇಕು. ಮರ 30 ಅಡಿ ದಾಟುತ್ತದೆ, ಹಾಗಾಗಿ ಕರೆಂಟ್ ತಂತಿಯ ಕೆಳಗಂತೂ ಬೇಡವೇ ಬೇಡ.

ಬೇಸಿಗೆಯಲ್ಲೇ 2 ಅಡಿ ಉದ್ದ, ಅಗಲ, ಆಳದ ತಗ್ಗು ತೋಡಿ ಬಿಸಿಲಿಗೆ ಬಿಡಿ. ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅಂದರೆ ನೀರು ಬಸಿಯುವ ಕೆಂಪು ಮಣ್ಣಿದ್ದವರಿಗೆ ಇಷ್ಟೇ ಸಾಕು. ಆದರೆ ಹುಬ್ಬಳ್ಳಿಯಿಂದ ಗದಗದ ಕಡೆ ಎರೆ ಮಣ್ಣೇ ಜಾಸ್ತಿ, ಅಲ್ವಾ? ಅಲ್ಲಿ ಬಹಳ ಜನ ತಗ್ಗಿಗೆ ಬರೀ ಉಸುಕು, ಕೆಂಪು ಮಣ್ಣು ತುಂಬುತ್ತಾರೆ, ಆಗ ಮಳೆ ನೀರು ಸಲೀಸಾಗಿ ಒಳಗೆ ಇಳಿಯುತ್ತದೆ, ಸುತ್ತಲಿನ ಎರೆ ಮಾತ್ರ ಅದನ್ನು ಹೊರಗೆ ಬಿಡುವುದಿಲ್ಲ, ತಗ್ಗು ತುಂಬಿದ ಕೊಡದಂತೆ ನಿಂತು ಬೇರು ಕೊಳೆಯುತ್ತದೆ. ಅದರ ಬದಲು ತೆಗೆದ ಮಣ್ಣಿಗೇ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಮಸಾರಿ ಬೆರೆಸಿ ತುಂಬಿ. ಅದರ ಮೇಲೆ 1 ಅಡಿ ಎತ್ತರ, 4 ಅಡಿ ಅಗಲದ ದಿಬ್ಬ ಮಾಡಿ, ಸಸಿಯನ್ನು ಆ ದಿಬ್ಬದ ಮೇಲೆಯೇ ನೆಡಿ.

ಮುಂಗಾರಿನ ಒಂದೆರಡು ಹದ ಮಳೆ ಬಿದ್ದ ಮೇಲೆ ನೆಡುವುದು ಒಳ್ಳೆಯದು. ಆ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿದರೆ ಕಡಿಮೆ ದರದಲ್ಲಿ ಸಸಿ ಸಿಗಬಹುದು. ಬೀಜದಿಂದಲೇ ಬೆಳೆಸುವ ಆಸೆ ಇದ್ದರೆ ಒಣಗಿದ ಕರೀ ಕಾಯಿ ಒಡೆದು ಬೀಜ ತೊಳೆಯಿರಿ. ಸಿಪ್ಪೆ ಬಹಳ ಗಟ್ಟಿ, ಸುಮ್ನೆ ಬಿತ್ತಿದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಬೀಜದ ಒಂದು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಿ ರಾತ್ರಿಯಿಡೀ ನೀರಲ್ಲಿ ನೆನೆಸಿ. ಉಬ್ಬಿದ ಬೀಜ ಬಿತ್ತಿ, ಉಬ್ಬದೇ ಇದ್ದದ್ದನ್ನು ಮತ್ತೆ ಉಜ್ಜಿ. ಬೀಜದ ಗಿಡ ಹೂ ಬಿಡಲು ಹಲವು ವರ್ಷ ಬೇಕು, ಕಾಯಲೇಬೇಕು.

ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು ಕೊಡಿ. ಎರೆ ಬಿರುಕು ಬಿಟ್ಟರೆ ಎಳೆ ಬೇರು ಹರಿಯುತ್ತದೆ, ಅದಕ್ಕೇ ಬುಡಕ್ಕೆ ಒಣ ಎಲೆ, ಜೋಳದ ರವದಿ (ಒಣಗಿದ ಗರಿ) ಹೊದಿಸಿ. ಆಮೇಲೆ ನೀರು ಕಡಿಮೆ ಮಾಡುತ್ತಾ ಬನ್ನಿ. ಪ್ರೀತಿಯಿಂದ ದಿನಾ ನೀರು, ಯೂರಿಯಾ ಹಾಕಿದರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ.

ಮಳೆಗಾಲದಲ್ಲಿ ಹಸಿರು ಹುಳು ಎಲೆ ತಿನ್ನುವುದನ್ನು ನೋಡಿ ಔಷಧಿ ಹೊಡೆಯಬೇಡಿ. ಅವು ಚಿಟ್ಟೆಯ ಮರಿಗಳು, ಗಿಡ ಮತ್ತೆ ಚಿಗುರುತ್ತದೆ. ಕೊಂಬೆ ಸವರುವುದಿದ್ದರೆ ಹೂವೆಲ್ಲ ಮುಗಿದ ಮೇಲೆ ಸವರಿ. ಕಾಯಿಯ ತಿರುಳು ತಿಂದರೆ ಭೇದಿ ಆಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೆಳಗೆ ಬಿದ್ದ ಕಾಯಿ ಆಗಾಗ ಆರಿಸಿ ತೆಗೆಯಿರಿ.